ಗುರಿಯೊಂದನ್ನೇ ನೋಡಿ ತೂಗಬೇಡ

ಚಿ. ಅನಿರುದ್ಧನಿಗೆ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ನಾವೆಲ್ಲ ಕ್ಷೇಮ. ನಿನ್ನ ಪತ್ರವನ್ನು ನಿಧಾನವಾಗಿ ಓದಿದೆ. ಉಗ್ರ ಎಡಪಂಥದವರು ಸಮಾನತೆಗಾಗಿ ಹೊರಟವರಾದ್ದರಿಂದ ಅವರ ಕೃತ್ಯಗಳನ್ನು ಉಗ್ರ ಬಲಪಂಥದವರ ಕೃತ್ಯಗಳೊಂದಿಗೆ ಒಂದೇ ತಕ್ಕಡಿಯಲ್ಲಿ ತೂಗಬಾರದೆಂದು ನೀನು ಬರೆದಿದ್ದೀಯೆ. ನಿನ್ನ ಗೆಳೆಯ ಎರಡೂ ಒಂದೇ ಎನ್ನುತ್ತಾನಂತೆ. ಎರಡು ಮಾತೂ ನನಗೆ ಒಪ್ಪಿಗೆಯಿಲ್ಲ. ಇಷ್ಟು ಕಾಲ ಮಕ್ಕಳಿಗೆ ಇತಿಹಾಸ ಹೇಳಿಕೊಟ್ಟವಳಾಗಿ, ಹಿಟ್ಲರನ ಜರ್ಮನಿಯನ್ನೂ ಸ್ಟಾಲಿನನ ಸೋವಿಯತ್ ಒಕ್ಕೂಟವನ್ನೂ ಮುಂದಿಟ್ಟುಕೊಂಡು ನನ್ನ ಅಭಿಪ್ರಾಯ ತಿಳಿಸುತ್ತೇನೆ.

ವ್ಯತ್ಯಾಸ ಇದ್ದೇ ಇದೆ, ನಿನ್ನ ಗೆಳೆಯ ಅದನ್ನು ಅಳಿಸಿಹಾಕುವುದು ತಪ್ಪು. ನಾಜಿಗಳ ಪಾಲಿಗೆ ಮನುಷ್ಯನ ಹಣೆಬರಹ ಹುಟ್ಟಿನಲ್ಲೇ ತೀರ್ಮಾನವಾಗಿರುತ್ತಿತ್ತು. 1935ರ ನ್ಯೂರೆಂಬರ್ಗ್ ಕಾನೂನುಗಳ ಪ್ರಕಾರ ಅಜ್ಜ ಅಜ್ಜಿಯರ ಧರ್ಮವನ್ನು ಎಣಿಸಿ ಯಾರು ಯಹೂದಿ ಎಂದು ನಿರ್ಧರಿಸಲಾಯಿತು, ಮತಾಂತರವಾಗಲಿ ದೇಶನಿಷ್ಠೆಯಾಗಲಿ ಅವರನ್ನು ಉಳಿಸುವಂತಿರಲಿಲ್ಲ, ಕೊನೆಗೆ ಸುಮಾರು 60 ಲಕ್ಷ ಯಹೂದಿಗಳ ಕೊಲೆಯಾಯಿತು. ಸೋವಿಯತ್ ಆಡಳಿತ ಖಾಸಗಿ ಆಸ್ತಿಯನ್ನು ಕಿತ್ತುಹಾಕಿ ವರ್ಗಭೇದವನ್ನು ಇಲ್ಲವಾಗಿಸುವ ಮಾತಾಡಿತು. ಕೋಟ್ಯಂತರ ಜನರಿಗೆ ಅಕ್ಷರ ಕಲಿಸಿದ್ದೂ ಸುಳ್ಳಲ್ಲ.

ಆದರೆ ಆ ಗುರಿಯ ಹೆಸರಿನಲ್ಲೇ ಉಕ್ರೇನಿನ ಹಳ್ಳಿಗಳಲ್ಲಿ ನಡೆದದ್ದನ್ನು ನೋಡು. 1929ರಿಂದ ರೈತರ ಭೂಮಿಯನ್ನೂ ದನಕರುಗಳನ್ನೂ ಬಲವಂತದಿಂದ ಸಾಮೂಹಿಕ ಕೃಷಿಗೆ ಸೇರಿಸಲಾಯಿತು. 1932ರ ಆಗಸ್ಟ್ 7ರ ಕಾನೂನು ಸಾಮೂಹಿಕ ಹೊಲದ ಧಾನ್ಯ ಕದ್ದವರಿಗೆ ಮರಣದಂಡನೆ, ಕರುಣೆ ತೋರಿದರೆ ಹತ್ತು ವರ್ಷದ ಸೆರೆ ಎಂದು ವಿಧಿಸಿತು; ಕೊಯ್ಲಾದ ಮೇಲೆ ಹೊಲದಲ್ಲಿ ಬಿದ್ದಿದ್ದ ತೆನೆಯನ್ನು ಆಯ್ದುಕೊಂಡವರೂ ಅದರಡಿ ಶಿಕ್ಷೆ ಉಂಡರು. ಹಸಿದವರು ಬೇರೆ ಪ್ರಾಂತಗಳಿಗೆ ಹೋಗದಂತೆ 1933ರ ಜನವರಿಯಲ್ಲಿ ದಾರಿಗಳನ್ನು ಮುಚ್ಚಲಾಯಿತು, ಧಾನ್ಯದ ರಫ್ತು ಮಾತ್ರ ನಿಲ್ಲಲಿಲ್ಲ. ಉಕ್ರೇನೊಂದರಲ್ಲೇ 30 ಲಕ್ಷಕ್ಕೂ ಹೆಚ್ಚು ಜನ ಸತ್ತರು. ಇದನ್ನು ಬರೆಯುವ ಪತ್ರಿಕೆ ಆ ದೇಶದಲ್ಲಿರಲಿಲ್ಲ, ಕೇಳುವ ವಿರೋಧ ಪಕ್ಷವಿರಲಿಲ್ಲ, ತಡೆಯಾಜ್ಞೆ ಕೊಡುವ ನ್ಯಾಯಾಲಯವೂ ಇರಲಿಲ್ಲ. ನಾನು ನಿನಗೆ ತೋರಿಸಬೇಕೆಂದಿರುವುದು ಇದನ್ನೇ.

ಜರ್ಮನಿಯಲ್ಲಿ ಇವೆಲ್ಲವೂ ಇದ್ದವು. ಕೆಲವೇ ತಿಂಗಳುಗಳಲ್ಲಿ ಹೋದವು. 1933ರ ಫೆಬ್ರವರಿ 27ರ ರಾತ್ರಿ ಸಂಸತ್ ಭವನಕ್ಕೆ ಬೆಂಕಿ ಬಿತ್ತು, ಮರುದಿನದ ಸುಗ್ರೀವಾಜ್ಞೆ ಪೌರಹಕ್ಕುಗಳನ್ನು ಅಮಾನತಿನಲ್ಲಿಟ್ಟಿತು, ಮಾರ್ಚ್ 23ರಂದು ಸಂಸತ್ತೇ ತನ್ನ ಶಾಸನಾಧಿಕಾರವನ್ನು ಹಿಟ್ಲರನ ಸಂಪುಟಕ್ಕೆ ಬರೆದುಕೊಟ್ಟಿತು. ಕಮ್ಯುನಿಸ್ಟ್ ಸದಸ್ಯರು ಆಗಲೇ ಸೆರೆಮನೆಯಲ್ಲಿದ್ದರು ಇಲ್ಲವೇ ತಲೆಮರೆಸಿಕೊಂಡಿದ್ದರು. ವಿರುದ್ಧ ಮತ ಹಾಕಿದವರು, ಚುನಾವಣೆಯ ದಾರಿಯನ್ನು ನಂಬಿದ ಎಡಪಕ್ಷದವರಾದ 94 ಸೋಷಿಯಲ್ ಡೆಮಾಕ್ರಾಟರು ಮಾತ್ರ. ಆ ಕಡೆ, 1936ರ ಸೋವಿಯತ್ ಸಂವಿಧಾನ ವಾಕ್ ಸ್ವಾತಂತ್ರ್ಯವನ್ನೂ ಪತ್ರಿಕಾ ಸ್ವಾತಂತ್ರ್ಯವನ್ನೂ ಕಾಗದದ ಮೇಲೆ ಧಾರಾಳವಾಗಿ ಕೊಟ್ಟಿತ್ತು. ಮರುವರ್ಷವೇ ಯಾವ ಪ್ರಾಂತದಲ್ಲಿ ಎಷ್ಟು ಜನರನ್ನು ಗುಂಡಿಕ್ಕಬೇಕೆಂದು ಮೊದಲೇ ಸಂಖ್ಯೆ ಗೊತ್ತುಮಾಡಿದ ಆದೇಶ ಹೊರಟಿತು. 1937 ಮತ್ತು 1938ರಲ್ಲಿ ಸುಮಾರು 6.8 ಲಕ್ಷ ಜನರನ್ನು ಕೊಲ್ಲಲಾಯಿತು, ಬಹುಪಾಲು ಜನರಿಗೆ ವಕೀಲನ ಮುಖವೂ ಕಾಣಲಿಲ್ಲ.

ಮಾರ್ಗರೆಟ್ ಬೂಬರ್-ನಾಯ್‌ಮನ್ ಎಂಬ ಹೆಣ್ಣುಮಗಳ ಬದುಕನ್ನು ನೀನು ತಿಳಿಯಲೇಬೇಕು. ಆಕೆಯೂ ಗಂಡ ಹೈಂಜ್ ನಾಯ್‌ಮನ್ನನೂ ಜರ್ಮನಿಯ ಕಮ್ಯುನಿಸ್ಟರು. ಮಾಸ್ಕೋದಲ್ಲಿ ಆಶ್ರಯ ಪಡೆದಿದ್ದಾಗ 1937ರಲ್ಲಿ ಆತನನ್ನು ಹಿಡಿದು ಕೊಂದರು, ಆಕೆಯನ್ನು ಕಜಕಸ್ತಾನದ ಕರಗಾಂಡದ ದುಡಿಮೆಯ ಶಿಬಿರಕ್ಕೆ ಅಟ್ಟಿದರು. 1939ರ ಆಗಸ್ಟ್‌ನಲ್ಲಿ ಹಿಟ್ಲರ್ ಮತ್ತು ಸ್ಟಾಲಿನ್ ಒಪ್ಪಂದ ಮಾಡಿಕೊಂಡ ಮೇಲೆ, 1940ರ ಆರಂಭದಲ್ಲಿ, ಬ್ರೆಸ್ಟ್-ಲಿಟೋವ್ಸ್ಕ್‌ನಲ್ಲಿ ಬುಗ್ ನದಿಯ ಸೇತುವೆಯ ಮೇಲೆ ಸೋವಿಯತ್ ಪೊಲೀಸರು ಆಕೆಯನ್ನು ನಾಜಿಗಳ ಕೈಗೆ ಒಪ್ಪಿಸಿದರು. ಅಲ್ಲಿಂದ ರಾವೆನ್ಸ್‌ಬ್ರೂಕ್ ಶಿಬಿರದಲ್ಲಿ 1945ರವರೆಗೆ ಸೆರೆ. ಆಕೆ ಬದುಕುಳಿದು, 1949ರಲ್ಲಿ ಪ್ಯಾರಿಸ್ಸಿನ ನ್ಯಾಯಾಲಯದಲ್ಲಿ ನಿಂತು ತಾನು ಕಂಡದ್ದನ್ನು ಹೇಳಿದಳು. ಎರಡು ಸಿದ್ಧಾಂತಗಳ ನಡುವಿನ ಅಂತರ ಎಷ್ಟೇ ದೊಡ್ಡದಿರಲಿ, ಆಕೆಯ ಪಾಲಿಗೆ ಅದು ಒಂದು ಸೇತುವೆಯಷ್ಟೇ ಇತ್ತು.

ನಮ್ಮವರನ್ನೂ ಇದು ಬಿಡಲಿಲ್ಲ. ಸರೋಜಿನಿ ನಾಯ್ಡು ಅವರ ತಮ್ಮ, ನಮ್ಮ ಮಂಗಳೂರಿನ ಮಗಳು ಕಮಲಾದೇವಿಯವರಿಗೆ ಭಾವನಾಗಬೇಕಾದ ವೀರೇಂದ್ರನಾಥ ಚಟ್ಟೋಪಾಧ್ಯಾಯರು ಭಾರತದ ಸ್ವಾತಂತ್ರ್ಯಕ್ಕಾಗಿ ಬರ್ಲಿನ್ನಿನಲ್ಲಿ ವರ್ಷಗಟ್ಟಲೆ ದುಡಿದು, ಕೊನೆಗೆ ಸೋವಿಯತ್ ನೆಲವನ್ನು ನಂಬಿ ಹೋದರು. 1937ರಲ್ಲಿ ಅವರನ್ನೂ ಗುಂಡಿಕ್ಕಿ ಕೊಂದರು.

ಇನ್ನೊಂದು ಮಾತು. ಈ ಎರಡು ಪಂಥಗಳೂ ಒಂದರ ಭಯದಿಂದ ಇನ್ನೊಂದು ಬೆಳೆದವು. ಕಮ್ಯುನಿಸ್ಟರ ಭಯದಿಂದಲೇ ಜರ್ಮನಿಯ ಎಷ್ಟೋ ಸಂಪ್ರದಾಯವಾದಿಗಳು ಹಿಟ್ಲರನಿಗೆ ಅಧಿಕಾರದ ಬಾಗಿಲು ತೆರೆದರು, ಅವನನ್ನು ಹತೋಟಿಯಲ್ಲಿಡಬಹುದೆಂದು ಅವರಲ್ಲೊಬ್ಬನಾದ ಮಾಜಿ ಚಾನ್ಸೆಲರ್ ಫಾನ್ ಪಾಪೆನ್ ಧೈರ್ಯವಾಗಿದ್ದ. ಅಲ್ಲಿನ ಕಮ್ಯುನಿಸ್ಟರೋ, ಮಾಸ್ಕೋದ ಮಾತು ಕೇಳಿ, ತಮ್ಮ ಜೊತೆ ನಿಲ್ಲಬಹುದಾಗಿದ್ದ ಸೋಷಿಯಲ್ ಡೆಮಾಕ್ರಾಟರನ್ನೇ ‘ಸೋಷಿಯಲ್ ಫ್ಯಾಸಿಸ್ಟರು’ ಎಂದು ಜರೆಯುತ್ತ ಕಾಲ ಕಳೆದರು. ಆದ್ದರಿಂದ ಯಾರಾದರೂ ನಿನ್ನ ಬಳಿ ಬಂದು, ಆ ಕಡೆಯವರು ಬಾರದಿರಬೇಕಾದರೆ ಈ ಕಡೆಯವರಿಗೆ ಪೂರ್ಣಾಧಿಕಾರ ಕೊಡಲೇಬೇಕು ಎಂದಾಗ ಅಲ್ಲೇ ನಿಲ್ಲು, ಮಗು. ನಾಳೆ ಇವರನ್ನು ಇಳಿಸಬೇಕೆನಿಸಿದರೆ ಮತ ಹಾಕಿ ಇಳಿಸಲು ದಾರಿ ಇರುತ್ತದೆಯೇ, ಇವರ ವಿರುದ್ಧ ತೀರ್ಪು ಕೊಟ್ಟ ನ್ಯಾಯಾಧೀಶ ತನ್ನ ಪೀಠದಲ್ಲೇ ಉಳಿಯುತ್ತಾನೆಯೇ, ಇವರದೇ ಪಕ್ಷದೊಳಗೆ ಬೇಡವೆಂದವನ ಗತಿ ಏನಾಯಿತು ಎಂದು ಕೇಳು. ನಿಮ್ಮ ಅಧ್ಯಯನ ಕೂಟದಲ್ಲಿ ಮುಂದಿನ ಸಲ ಗೆಳೆಯನ ಜೊತೆ ವಾದಕ್ಕೆ ಕೂತಾಗ ಈ ಪ್ರಶ್ನೆಗಳನ್ನು ಎರಡೂ ಕಡೆಗೆ ಹಾಕಿ ನೋಡು, ಅವನು ಏನೆಂದನೆಂದು ನನಗೆ ಬರೆ.

ಇತಿ ನಿನ್ನ ಪ್ರೀತಿಯ
ದೊಡ್ಡಮ್ಮ