ಯಾವ ಊರಲ್ಲಿ ಎಷ್ಟು ಹೊತ್ತು? ಅದನ್ನೂ ಅಚ್ಚು ಹಾಕಿಸಿ

ಸಂಪಾದಕರೇ,

ಬೇಸಿಗೆ ರಜೆ ಹತ್ತಿರ ಬಂತು, ಪತ್ರಿಕೆಯಲ್ಲಿ ಇಂಗ್ಲೆಂಡ್ ಪ್ರವಾಸದ ಜಾಹೀರಾತುಗಳೂ ಜಾಸ್ತಿಯಾದವು. ಯಾರ್ಕ್, ಬಾತ್, ಸ್ಟೋನ್‌ಹೆಂಜ್, ಸ್ಟ್ರಾಟ್‌ಫರ್ಡ್ ಎಂದು ಹೆಸರುಗಳು ಸಾಲಾಗಿ ಇರುತ್ತವೆ. ಎಲ್ಲಿ ಎಷ್ಟು ಹೊತ್ತು ನಿಲ್ಲಿಸುತ್ತಾರೆ, ಒಳಗೆ ಬಿಡುತ್ತಾರೋ ಇಲ್ಲವೋ, ಅದು ಮಾತ್ರ ಇರುವುದಿಲ್ಲ. ಅದನ್ನೂ ಅಚ್ಚು ಹಾಕಲಿ ಎಂದು ಈ ಪತ್ರ.

ಹೋದ ವರ್ಷ ನಾವು ಗಂಡ ಹೆಂಡತಿ ಅಂಥದ್ದೇ ಒಂದು ಪ್ಯಾಕೇಜಿನಲ್ಲಿ ಹೋಗಿದ್ದೆವು. ಯಾರ್ಕಿನಲ್ಲಿ ನಮಗೆ ಸಿಕ್ಕಿದ್ದು ‘ಫೋಟೊ ಸ್ಟಾಪ್’. ಮಿನ್‌ಸ್ಟರ್ ಚರ್ಚಿನ ಮುಂದೆ ಗುಂಪಾಗಿ ಒಂದು ಫೋಟೊ, ಶೌಚಾಲಯದ ಕ್ಯೂ, ತಲೆ ಎಣಿಕೆ, ಮತ್ತೆ ಬಸ್ಸು. ಆ ಚರ್ಚಿನ ಪೂರ್ವದ ಕಿಟಕಿ 1408ರಲ್ಲಿ ಮುಗಿದದ್ದು, ಹೆಚ್ಚುಕಡಿಮೆ ಟೆನಿಸ್ ಅಂಕಣದಷ್ಟು ದೊಡ್ಡದು. ಬಣ್ಣದ ಗಾಜನ್ನು ಹಗಲು ಹೊರಗೆ ನಿಂತು ನೋಡಿದರೆ ಬರೀ ಕಪ್ಪು. ಒಳಗೆ ಹೋದರೆ ತಾನೇ ಬಣ್ಣ ಕಾಣುವುದು?

ಪ್ಯಾಕೇಜ್ ಮುಗಿದ ಮೇಲೆ ಮಗಳ ಮನೆಯಲ್ಲಿ ಉಳಿದುಕೊಂಡು, ರೈಲಿನಲ್ಲಿ ನಾವೇ ಯಾರ್ಕಿಗೆ ಹೋದೆವು. ಊರಿನ ಸುತ್ತ ಕೋಟೆಗೋಡೆ ಇದೆ. ಮೂರು ಕಿಲೋಮೀಟರಿಗೂ ಜಾಸ್ತಿ ದೂರ ಅದರ ಮೇಲೆ ಸುಮ್ನೆ ನಡೆಯಬಹುದು, ಟಿಕೆಟ್ ಇಲ್ಲ. ಒಳಮಗ್ಗುಲಿಗೆ ಎಷ್ಟೋ ಕಡೆ ಕಂಬಿಯೇ ಇಲ್ಲ. ನನ್ನ ಹೆಂಡತಿ ಸೆರಗು ಸಿಕ್ಕಿಸಿಕೊಂಡು ಆಚೆ ಬದಿಯ ಕಲ್ಲು ಹಿಡಿದೇ ನಡೆದಳು. ಬೂತಮ್ ಬಾರ್ ಎಂಬ ಕೋಟೆಬಾಗಿಲಿನಿಂದ ಮಾಂಕ್ ಬಾರ್ ಎಂಬ ಇನ್ನೊಂದು ಬಾಗಿಲ ತನಕ ಕೆಳಗೆ ಹಿತ್ತಿಲ ತೋಟಗಳು, ಅದರಾಚೆ ಇಡೀ ಮಿನ್‌ಸ್ಟರ್. ಆ ತುಂಡನ್ನು ಬಿಟ್ಟು ಮುಂದೆ ಹೋಗಲು ನಮಗೆ ಮನಸ್ಸೇ ಬರಲಿಲ್ಲ.

ಶ್ಯಾಂಬಲ್ಸ್ ಎಂಬ ಓಣಿ ಹಿಂದೆ ಕಟುಕರ ಬೀದಿ. ಮಾಂಸ ನೇತುಹಾಕುತ್ತಿದ್ದ ಕೊಕ್ಕೆಗಳು ಕೆಲವು ಅಂಗಡಿಗಳ ಮುಂದೆ ಇನ್ನೂ ಇವೆ. ಮರದ ಮಹಡಿಗಳು ಎರಡೂ ಕಡೆಯಿಂದ ಮುಂದಕ್ಕೆ ಚಾಚಿವೆ, ಬಿಸಿಲು ಕೆಳಗಿಳಿಯುವುದೇ ಕಷ್ಟ. ಹಗಲು ಕಾಲಿಡಲು ಜಾಗವಿಲ್ಲ. ಟೂರ್ ಬಸ್ಸುಗಳು ಹೊರಟ ಮೇಲೆ ಆರಾಮಾಗಿ ಓಡಾಡಿದೆವು.

ನಾನು ರೈಲ್ವೆಯಲ್ಲಿದ್ದವನು, ಇದನ್ನು ಹೇಳದಿದ್ದರೆ ಸಮಾಧಾನ ಇಲ್ಲ. ಸ್ಟೇಷನ್ ಹತ್ತಿರದ ರಾಷ್ಟ್ರೀಯ ರೈಲ್ವೆ ಮ್ಯೂಸಿಯಂನಲ್ಲಿ ಮ್ಯಾಲಾರ್ಡ್ ಎಂಜಿನ್ ಇದೆ. 1938ರಲ್ಲಿ ಗಂಟೆಗೆ 126 ಮೈಲಿ ಓಡಿದ್ದು. ಉಗಿ ಎಂಜಿನ್‌ಗಳಲ್ಲಿ ಆ ದಾಖಲೆ ಇಂದಿಗೂ ಅದರದ್ದೇ. ಪ್ರವೇಶ ಉಚಿತ. ಅದೂ ಪ್ಯಾಕೇಜಿನಲ್ಲಿ ಇರಲಿಲ್ಲ.

ಸ್ಟೋನ್‌ಹೆಂಜ್‌ಗೆ ಮಾತ್ರ ಧಾರಾಳವಾಗಿ ಅರ್ಧ ದಿನ ಕೊಟ್ಟರು! ಅಲ್ಲಿ ವೃತ್ತವಾಗಿ ನಿಲ್ಲಿಸಿದ ಪುರಾತನ ಕಲ್ಲುಗಳ ಹತ್ತಿರ ಬಿಡುವುದಿಲ್ಲ, ದೂರದಿಂದ ಒಂದು ಸುತ್ತು ಬಂದರೆ ಮುಗಿಯಿತು. ಪಕ್ಕದಲ್ಲೇ ಸಾಲಿಸ್‌ಬರಿ. ರಾಜನ ಅಧಿಕಾರಕ್ಕೆ ಮಿತಿ ಹಾಕಿದ 1215ರ ಹಕ್ಕುಪತ್ರ ಮ್ಯಾಗ್ನಾ ಕಾರ್ಟಾದ ಉಳಿದಿರುವ ನಾಲ್ಕು ಪ್ರತಿಗಳಲ್ಲಿ ಒಂದು ಅಲ್ಲಿನ ಕ್ಯಾಥೆಡ್ರಲ್‌ನಲ್ಲಿದೆ. ನಮಗೆ ಬಸ್ಸಿನ ಕಿಟಕಿಯಿಂದ ಗೋಪುರದ ತುದಿ ತೋರಿಸಿದರು. ಊಟಕ್ಕೆ ಕರೆದು ಎಲೆ ಮುಂದಿನಿಂದ ಎಬ್ಬಿಸಿದ ಹಾಗಾಯಿತು.

ಈಗಾಗಲೇ ದುಡ್ಡು ಕಟ್ಟಿದವರು ಲಂಡನ್ನಿನ ‘ಫ್ರೀ ಡೇ’ಯನ್ನು ಶಾಪಿಂಗ್‌ನಲ್ಲಿ ಕಳೆಯಬೇಡಿ. ಅಲ್ಲಿನ ಕಿಂಗ್ಸ್ ಕ್ರಾಸ್ ಸ್ಟೇಷನ್ನಿನಿಂದ ರೈಲಿನಲ್ಲಿ ಯಾರ್ಕಿಗೆ ಸುಮಾರು ಎರಡು ಗಂಟೆಯ ದಾರಿ. ಟಿಕೆಟ್ ಮುಂಚೆಯೇ ತೆಗೆದರೆ ಅಗ್ಗ. ವಯಸ್ಸು 60 ಆಗಿದ್ದರೆ ಸೀನಿಯರ್ ರೈಲ್‌ಕಾರ್ಡ್ ಮಾಡಿಸಿ, ಹೆಚ್ಚಿನ ಟಿಕೆಟ್‌ಗಳಲ್ಲಿ ಮೂರನೇ ಒಂದು ಭಾಗ ಉಳಿಯುತ್ತದೆ. ವಿದೇಶಿಯರಿಗೂ ಕೊಡುತ್ತಾರೆ, ಪಾಸ್‌ಪೋರ್ಟ್ ಜೊತೆಗಿರಲಿ.

– ನಿವೃತ್ತ ರೈಲ್ವೆ ನೌಕರ