ಸಂಪಾದಕೀಯ: ಜಗಲಿಯ ಮೇಲೆ ಏಳು ದಿನ

ಸಂಚಿಕೆ ನಾಳೆ ಬೆಳಿಗ್ಗೆ ಮುದ್ರಣಕ್ಕೆ ಹೋಗಬೇಕು. ರಾತ್ರಿ ಹನ್ನೊಂದೂವರೆಯಾದರೂ ಈ ಪುಟ ಖಾಲಿಯಾಗಿಯೇ ಇದೆ. ಯುಗಾದಿಯ ಆಸುಪಾಸಿನ ಸಂಚಿಕೆಯಾದ್ದರಿಂದ ಬೇವುಬೆಲ್ಲದ ಬಗ್ಗೆ ನಾಲ್ಕು ಮಾತು ಬರೆದು ಮುಗಿಸೋಣವೆಂದುಕೊಂಡಿದ್ದೆ. ಕಳೆದ ನಾಲ್ಕು ವರ್ಷವೂ ಹಾಗೆಯೇ ಮುಗಿಸಿದ್ದೇನೆ. ಆದರೆ ಊಟದ ಹೊತ್ತಿಗೆ ಮಗಳು ಕೇಳಿದ ಪ್ರಶ್ನೆಯೊಂದು ಆ ಯೋಜನೆಯನ್ನು ಕೆಡಿಸಿತು. ಯೇಸು ಶಿಲುಬೆಯ ಮೇಲೆ ಸತ್ತ ದಿನಕ್ಕೆ ಇಲ್ಲಿನ ಜರ್ಮನರು ‘ಕಾರ್‌ಫ್ರೈಟಾಗ್’ ಎನ್ನುತ್ತಾರೆ, ಅದರ ಮೊದಲ ಭಾಗವು ಗೋಳು, ಶೋಕ ಎಂಬರ್ಥದ ಹಳೆಯ ಮಾತಿನಿಂದ ಬಂದದ್ದು ಎಂದು ಶಾಲೆಯಲ್ಲಿ ಹೇಳಿಕೊಟ್ಟಿದ್ದರಂತೆ. “ನಾವು ಮಾತ್ರ ಅದನ್ನೇ ಶುಭ ಶುಕ್ರವಾರ ಅನ್ನುತ್ತೇವಲ್ಲ, ಯಾರದ್ದು ತಪ್ಪು?” ಎಂದಳು.

ಜರ್ಮನಿಯ ಈ ನಮ್ಮ ಕನ್ನಡ ಸಂಘದಲ್ಲಿ ಕ್ರೈಸ್ತರು ಬೆರಳೆಣಿಕೆಯಷ್ಟು. ಆದರೂ ಈ ಪ್ರಶ್ನೆ ನಮ್ಮೆಲ್ಲರ ಮನೆಗೂ ಬರುವಂಥದ್ದೆಂದು ತೋರಿದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಅಜ್ಜಿಯ ಮನೆ ಮಂಗಳೂರಿನ ಜೆಪ್ಪುವಿನಲ್ಲಿತ್ತು. ಅಜ್ಜ ಹಂಚಿನ ಕಾರ್ಖಾನೆಯಲ್ಲಿ ದುಡಿದವರು. ಅವರು ತೀರಿಕೊಂಡ ಮೇಲೆ ಅಜ್ಜಿ ಬೀಡಿ ಕಟ್ಟಿ ಸಂಸಾರ ನಡೆಸುತ್ತಿದ್ದರು. ನಾನು ಒಂಬತ್ತು ವರ್ಷದವಳಾಗಿದ್ದಾಗ, ಆಟಿ ತಿಂಗಳ ಮಳೆಯಲ್ಲಿ ತುಂಬಿ ಹರಿಯುತ್ತಿದ್ದ ನೇತ್ರಾವತಿಯಲ್ಲಿ ಇಪ್ಪತ್ತು ವರ್ಷದ ಚಿಕ್ಕಪ್ಪ ಮುಳುಗಿಹೋದರು. ದೇಹ ಸಿಕ್ಕಿದ್ದು ಮೂರನೆಯ ದಿನ. ಮಣ್ಣು ಮಾಡಿ ಬಂದ ಮೇಲೆ ಮನೆಗೆ ಬಂದವರೆಲ್ಲರೂ ಒಂದೊಂದು ಕಾರಣವನ್ನು ಹೊತ್ತು ತಂದಿದ್ದರು: ಒಳ್ಳೆಯವರನ್ನು ದೇವರು ಬೇಗ ಕರೆದುಕೊಳ್ಳುತ್ತಾನೆ, ಇದು ನಂಬಿಕೆಯ ಪರೀಕ್ಷೆ, ಎಲ್ಲವೂ ಕರ್ತನ ಚಿತ್ತ. ಯಾವುದೋ ಪಾಪದ ಫಲವಿರಬಹುದೆಂದು ಹಿತ್ತಲಿನಲ್ಲಿ ಪಿಸುಗುಟ್ಟಿದವರೂ ಇದ್ದರು. ಅಜ್ಜಿ ಯಾರಿಗೂ ಎದುರು ಮಾತಾಡಲಿಲ್ಲ, ಯಾರನ್ನೂ ಕುಳಿತುಕೊಳ್ಳಿ ಎನ್ನಲೂ ಇಲ್ಲ.

ಏನನ್ನೂ ಹೇಳದೆ ಬಂದವರು ಒಬ್ಬರೇ, ನೆರೆಮನೆಯ ಬ್ಯಾರಿ ಮುಸ್ಲಿಂ ಹೆಂಗಸು. ಅವರು ತಮ್ಮ ಮೊರವನ್ನು ತಂದು ಜಗಲಿಯಲ್ಲಿ ಅಜ್ಜಿಯ ಪಕ್ಕಕ್ಕೆ ಇಟ್ಟುಕೊಂಡು, ನೆನೆಸಿದ ಎಲೆಯನ್ನು ಕತ್ತರಿಸಿ, ಹೊಗೆಸೊಪ್ಪಿನ ಪುಡಿ ತುಂಬಿ, ನೂಲು ಸುತ್ತುತ್ತ ಕುಳಿತರು. ತಮ್ಮ ಪಾಲು ಮುಗಿದ ಮೇಲೆ ಅಜ್ಜಿಯ ಮೊರವನ್ನು ಎಳೆದುಕೊಂಡು ಅವರ ಪಾಲಿನದನ್ನೂ ಕಟ್ಟತೊಡಗಿದರು. ಹೀಗೆ ಏಳು ದಿನ ನಡೆಯಿತು. ವಾರದ ಕೊನೆಗೆ ಬೀಡಿ ಬ್ರಾಂಚಿನಲ್ಲಿ ಲೆಕ್ಕವಾದಾಗ ಅಜ್ಜಿಯ ಚೀಟಿಯಲ್ಲಿ ಒಂದು ದಿನವೂ ಖಾಲಿ ಇರಲಿಲ್ಲ. ಆ ವಾರದಲ್ಲಿ ಅವರಿಬ್ಬರೂ ಆಡಿದ ಮಾತುಗಳಲ್ಲಿ ನನ್ನ ಕಿವಿಗೆ ಬಿದ್ದದ್ದು “ಕತ್ತರಿ ಕೊಡಿ” ಎಂಬುದೊಂದೇ.

ಬೈಬಲಿನಲ್ಲಿ ಯೋಬನ ಕಥೆ ಬರುತ್ತದೆ. ಹತ್ತು ಮಕ್ಕಳನ್ನೂ ಸಕಲ ಆಸ್ತಿಯನ್ನೂ ಕಳೆದುಕೊಂಡು ಮೈಯೆಲ್ಲ ಹುಣ್ಣಾಗಿ ಬೂದಿಯಲ್ಲಿ ಕುಳಿತವನನ್ನು ನೋಡಲು ಬಂದ ಮೂವರು ಗೆಳೆಯರು ಏಳು ಹಗಲು, ಏಳು ರಾತ್ರಿ ನೆಲದ ಮೇಲೆ ಕುಳಿತು ಒಂದು ಮಾತನ್ನೂ ಆಡುವುದಿಲ್ಲ. ಅವರ ಗೆಳೆತನದಲ್ಲಿ ಸರಿಯಾದದ್ದು ಅಷ್ಟೇ. ಎಂಟನೆಯ ದಿನದಿಂದ ಬಾಯಿ ತೆರೆದು, ನೀನು ತಪ್ಪು ಮಾಡಿರದೆ ಇಂಥದ್ದು ಒದಗುತ್ತದೆಯೇ ಎಂದು ವಾದಿಸತೊಡಗುತ್ತಾರೆ. ದೇವರು ಕೊನೆಯಲ್ಲಿ ಗದರಿಸುವುದು ದೇವರನ್ನು ಸಮರ್ಥಿಸಿಕೊಂಡ ಈ ಗೆಳೆಯರನ್ನೇ. ಯೋಬನಿಗೆ ಮತ್ತೆ ಹತ್ತು ಮಕ್ಕಳಾದರೆಂದು ಕಥೆ ಮುಗಿಯುತ್ತದೆ. ಅದನ್ನು ಓದಿದಾಗಲೆಲ್ಲ ಅಜ್ಜಿ ಕನ್ನಡಕ ತೆಗೆದಿಟ್ಟು, “ಹೊಸ ಮಕ್ಕಳು ಬಂದರೆ ಹಳೆಯವರು ಸತ್ತದ್ದು ಇಲ್ಲವಾಗುತ್ತದೆಯೇ?” ಎನ್ನುತ್ತಿದ್ದರು.

ಆ ಮಾತಿನಿಂದಾಗಿಯೇ, ಕನ್ನಡ ನಿಘಂಟು ರಚಿಸಿದ ಜರ್ಮನ್ ಮಿಶನರಿ ಕಿಟ್ಟೆಲ್ಲರ ಬಗ್ಗೆ ನಮ್ಮ ಸಭೆಗಳಲ್ಲಿ ಕೇಳಿಬರುವ ಒಂದು ಮಾತನ್ನು ನಾನು ಒಪ್ಪಲಾರೆ. ಅವರು ಕ್ರಿಸ್ತನ ಕಥೆಯನ್ನು ನಮ್ಮ ಛಂದಸ್ಸಿನಲ್ಲೇ ಹಾಡಿದ ‘ಕಥಾಮಾಲೆ’ ಪ್ರಕಟವಾದದ್ದು 1862ರಲ್ಲಿ. 1864ರಲ್ಲಿ ಹೆಂಡತಿ ಪೌಲೀನ್ ತೀರಿಕೊಂಡರು. ಸುಮಾರು 70,000 ಪದಗಳ ನಿಘಂಟು ಮಂಗಳೂರಿನ ಬಾಸೆಲ್ ಮಿಶನ್ ಅಚ್ಚುಕೂಟದಿಂದ ಹೊರಬಂದದ್ದು 1894ರಲ್ಲಿ. ಆ ದುಃಖವೇ ಈ ನಿಘಂಟಾಗಿ ಫಲಿಸಿತೆಂದು ಭಾಷಣಕಾರರು ಚಪ್ಪಾಳೆ ಗಿಟ್ಟಿಸುತ್ತಾರೆ. ಎಷ್ಟೇ ದೊಡ್ಡ ನಿಘಂಟಾದರೂ ಒಬ್ಬ ಹೆಂಗಸಿನ ಸಾವನ್ನು ಅದರ ಬೆಲೆಯೆಂದು ಬರೆದುಕೊಳ್ಳುವ ಲೆಕ್ಕ ಯಾವ ದೇವರದ್ದೂ ಆಗಿರಲಾರದು.

ಚಿಕ್ಕಪ್ಪ ಹೋದ ಮೇಲೆ ಬಂದ ಮೊದಲ ಶುಭ ಶುಕ್ರವಾರ ಅಜ್ಜಿ ನನ್ನನ್ನು ಕರೆದುಕೊಂಡು ದೇವಾಲಯಕ್ಕೆ ಹೋದರು. ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಶಿಲುಬೆಯ ಏಳು ಮಾತುಗಳ ಮೇಲೆ ಪ್ರಸಂಗ ನಡೆಯುತ್ತದೆ. ನಾಲ್ಕನೆಯದು, ನನ್ನ ದೇವರೇ, ನನ್ನನ್ನೇಕೆ ಕೈಬಿಟ್ಟೆ ಎಂಬ ಕೂಗು. ಯೇಸುವಿಗೆ ಅದು ಬಾಯಿಪಾಠವಾಗಿದ್ದ ಮಾತು, 22ನೆಯ ಕೀರ್ತನೆಯ ಮೊದಲ ಸಾಲು. ಸಭಾಪಾಲಕರು ಅದನ್ನು ವಿವರಿಸಿ ಮುಂದಿನ ಮಾತಿಗೆ ದಾಟಿದರು, ಅಜ್ಜಿ ದಾಟಲಿಲ್ಲ. ಆರಾಧನೆ ಮುಗಿದು ಎಲ್ಲರಿಗೂ ಗಂಜಿ ಬಡಿಸುವಾಗ ಅವರು ನನಗೆ ಹೇಳಿದ್ದು: “ಕರ್ತನೂ ಯಾಕೆ ಅಂತಲೇ ಕೇಳಿದ್ದು. ಉತ್ತರ ಬಂತು ಅಂತ ಎಲ್ಲಿಯೂ ಬರೆದಿಲ್ಲ. ಮತ್ತೆ ನಾನು ಕೇಳಿದರೆ ತಪ್ಪೇನು?” ಎಂಟು ತಿಂಗಳಲ್ಲಿ ಅವರು ಹೊಟ್ಟೆ ತುಂಬ ಉಂಡದ್ದನ್ನು ನಾನು ಕಂಡದ್ದು ಆ ದಿನ.

ಮಗಳಿಗೆ ನಾನು ಹೇಳಬಹುದಾದದ್ದೂ ಇಷ್ಟೇ. ನಾವು ನಂಬುವ ದೇವರು ಸಂಕಟಕ್ಕೆ ಕಾರಣ ಹೇಳಿದವನಲ್ಲ. ಹುಟ್ಟುಕುರುಡನನ್ನು ತೋರಿಸಿ, ಪಾಪ ಮಾಡಿದವರು ಯಾರು, ಇವನೋ ಇವನ ತಂದೆತಾಯಿಯೋ ಎಂದು ಶಿಷ್ಯರು ಕೇಳಿದಾಗ, ಇಬ್ಬರೂ ಅಲ್ಲ ಎಂದವನು. ಸಂಕಟದೊಳಕ್ಕೆ ತಾನೇ ಇಳಿದು, ನಮ್ಮ ಪ್ರಶ್ನೆಯನ್ನೇ ಕೂಗಿ, ನಮ್ಮ ಪಕ್ಕದಲ್ಲಿ ಕುಳಿತವನು. ಆತ ಬಂದದ್ದರಿಂದ ಆ ಶುಕ್ರವಾರ ಶುಭ. ಅಲ್ಲಿ ಆದದ್ದು ಸಾವಾದ್ದರಿಂದ ಶೋಕ. ಈಸ್ಟರಿನ ಬೆಳಿಗ್ಗೆ ಎದ್ದು ಬಂದವನ ಕೈಗಳಲ್ಲಿ ಮೊಳೆಯ ಗಾಯಗಳು ಹಾಗೆಯೇ ಇದ್ದವು. ಎರಡೂ ಹೆಸರು ಇರಲಿ ಎಂದೆ. ಅವಳಿಗೆ ಸಮಾಧಾನವಾದಂತೆ ಕಾಣಲಿಲ್ಲ.

ಪ್ರಕಟಣೆಗಳು, ಅವಸರದಲ್ಲಿ: ಶುಭ ಶುಕ್ರವಾರ ಇಲ್ಲಿ ಸಾರ್ವಜನಿಕ ನೃತ್ಯಕ್ಕೆ ಕಾನೂನಿನ ನಿರ್ಬಂಧವಿರುವುದರಿಂದ ಸಭಾಂಗಣದವರು ಅಂದಿನ ಕೋಲಾಟದ ಅಭ್ಯಾಸಕ್ಕೂ ಒಪ್ಪಿಲ್ಲ, ಅದು ಮುಂದಿನ ಶನಿವಾರಕ್ಕೆ ಹೋಗಿದೆ. ಕನ್ನಡ ತರಗತಿ ಈಸ್ಟರ್ ರಜೆಯ ನಂತರ. ಟ್ಯೂಬಿಂಗನ್ನಿನಲ್ಲಿರುವ ಕಿಟ್ಟೆಲ್ ಸಮಾಧಿಗೆ ಹೂವಿಡಲು ಬರುವವರು ಗುಂಪಿನ ರೈಲು ಟಿಕೆಟ್ಟಿಗಾಗಿ ಬೇಗ ಹೆಸರು ಕೊಡಿ. ಸದಸ್ಯತ್ವದ ಹಣ ಬಾಕಿಯಿರುವವರಿಗೆ ಅದು ಗೊತ್ತಿದೆ. ಈ ಪತ್ರಿಕೆಯ ಪುಟಜೋಡಣೆಗೆ ತಿಂಗಳಿಗೆ ಎರಡು ಸಂಜೆ ಕೊಡಬಲ್ಲವರು ಒಬ್ಬರಾದರೂ ಮುಂದೆ ಬಂದರೆ ಉಪಕಾರ. ನನ್ನೊಬ್ಬಳಿಂದ ಇನ್ನು ಸಾಗದು.

ಕೊನೆಯದಾಗಿ ಇನ್ನೊಂದು. ನಮ್ಮ ಬಳಗದ ಮನೆಯೊಂದರಲ್ಲಿ ಫೆಬ್ರವರಿಯಲ್ಲಿ ಏನಾಯಿತೆಂದು ಎಲ್ಲರಿಗೂ ತಿಳಿದಿದೆ. ವಾಟ್ಸ್ಆ್ಯಪ್ ಗುಂಪಿನಲ್ಲಿ ಕೈಮುಗಿದ ಚಿತ್ರಗಳು ಒಂದು ದಿನವಿಡೀ ಬಂದವು. ‘ತಾಳಿದವನು ಬಾಳಿಯಾನು’ ಎಂದು ಬರೆದವಳು ನಾನೇ. ಈಗ ನೆನೆದರೆ ನಾಚಿಕೆಯಾಗುತ್ತದೆ. ಆ ಮನೆಗೆ ಹೋಗಿ ಕುಳಿತವರು ನಮ್ಮಲ್ಲಿ ಇಬ್ಬರೋ ಮೂವರೋ. ಬರುವ ಶುಭ ಶುಕ್ರವಾರ ಸಂಜೆ ಐದಕ್ಕೆ ಅಲ್ಲಿಗೆ ಗಂಜಿ ಮಾಡಿಕೊಂಡು ಹೋಗುತ್ತಿದ್ದೇವೆ. ಅವರನ್ನು ಕೇಳಿಯಾಗಿದೆ, ಬನ್ನಿ ಎಂದಿದ್ದಾರೆ. ಪಾತ್ರೆ ತೊಳೆಯಲು, ಬಟ್ಟೆ ಇಸ್ತ್ರಿ ಮಾಡಲು, ಮಕ್ಕಳನ್ನು ಆಟದ ಮೈದಾನಕ್ಕೆ ಕರೆದೊಯ್ಯಲು ಜನ ಬೇಕು. ಅಂದು ಅಂಗಡಿಗಳು ಮುಚ್ಚಿರುವುದರಿಂದ ಕುಚ್ಚಲಕ್ಕಿಯನ್ನು ಗುರುವಾರವೇ ತರಬೇಕು. ಹೆಸರುಕಾಳು, ಉಪ್ಪಿನಕಾಯಿ ನನ್ನ ಪಾಲಿಗಿರಲಿ. ಇಪ್ಪತ್ತು ಜನರಿಗಾಗುವಷ್ಟು ದೊಡ್ಡ ಪಾತ್ರೆ ಯಾರ ಮನೆಯಲ್ಲಿದೆ?