ರಸ್ತೆಯಿಂದೇಳುವ ಸದ್ದನ್ನೂ ಅಳೆಯಲಿ

ಮಾನ್ಯ ಸಂಪಾದಕರೇ,

ವಾಹನಗಳ ಶಬ್ದಮಾಲಿನ್ಯ ಎಂದೊಡನೆ ನಮ್ಮಲ್ಲಿ ಹಾರ್ನ್ ಮತ್ತು ಸೈಲೆನ್ಸರ್‌ಗಳ ಮಾತಷ್ಟೇ ಬರುತ್ತದೆ. ಆದರೆ ಕಾರಿನ ವೇಗ ಗಂಟೆಗೆ ಸುಮಾರು 50 ಕಿ.ಮೀ. ದಾಟಿದರೆ ಎಂಜಿನ್‌ಗಿಂತ ಟೈರಿನ ಸದ್ದೇ ಹೆಚ್ಚು. ಟೈರಿನ ಉಬ್ಬುಗಳು ರಸ್ತೆಗೆ ಬಡಿಯುವುದರಿಂದ, ಅವುಗಳ ನಡುವೆ ಸಿಕ್ಕ ಗಾಳಿ ಒತ್ತಿ ಹೊರನುಗ್ಗುವುದರಿಂದ ಹುಟ್ಟುವ ಈ ಸದ್ದು ಎಷ್ಟಿರಬೇಕೆಂಬುದನ್ನು ಟೈರಿನಷ್ಟೇ ರಸ್ತೆಯ ಮೇಲ್ಮೈಯೂ ನಿರ್ಧರಿಸುತ್ತದೆ.

ನಮ್ಮ ಮನೆಯ ಮುಂದಿನ ರಸ್ತೆಗೆ ಕಳೆದ ವರ್ಷ ವೈಟ್ ಟಾಪಿಂಗ್, ಅಂದರೆ ಡಾಂಬರಿನ ಮೇಲೆ ಕಾಂಕ್ರೀಟ್ ಹೊದಿಕೆ, ಆಯಿತು. ಗುಂಡಿಗಳು ಹೋದವು, ಅದಕ್ಕೆ ಕೃತಜ್ಞತೆಯಿದೆ. ಆದರೆ ವಾಹನ ಜಾರದಿರಲೆಂದು ಕಾಂಕ್ರೀಟಿನ ಮೇಲೆ ಎಳೆದ ಅಡ್ಡಗೀರುಗಳಿಂದಾಗಿ ರಾತ್ರಿ ಹನ್ನೊಂದರ ಮೇಲೆ ಪ್ರತಿ ಕಾರೂ ಸಣ್ಣಗೆ ಊಳಿಡುತ್ತಾ ಸಾಗುತ್ತದೆ. ಲಾರಿ ಬಂದರೆ ಕಾಂಕ್ರೀಟ್ ಸಂದುಗಳ ಮೇಲೆ ಚಕ್ರ ಹಾಯುವ ‘ಟಪ್ ಟಪ್’ ಸದ್ದನ್ನು ಎರಡನೇ ಮಹಡಿಯಲ್ಲಿ ಮಲಗಿಯೇ ಎಣಿಸಬಹುದು. ಎಲೆಕ್ಟ್ರಿಕ್ ಬಸ್ಸು ನಿಲ್ದಾಣದಿಂದ ಹೊರಟದ್ದೇ ತಿಳಿಯುವುದಿಲ್ಲ, ವೇಗ ಹಿಡಿದ ಮೇಲೆ ಅದೂ ಇದೇ ಸದ್ದು ಮಾಡುತ್ತದೆ.

ಶಬ್ದಮಾಲಿನ್ಯ ನಿಯಮಗಳು, 2000ರ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿಯಿದೆ. ಆದರೆ ಇದು ಸುತ್ತಲಿನ ಎಲ್ಲ ಸದ್ದುಗಳನ್ನು ಕೂಡಿಸಿ ನೋಡುವ ಲೆಕ್ಕ. ಇದರಲ್ಲಿ ಹಾರ್ನ್ ಎಷ್ಟು, ನಾಯಿಯ ಬೊಗಳಿಕೆ ಎಷ್ಟು, ರಸ್ತೆಯ ಪಾಲೆಷ್ಟು ಎಂಬುದು ಗೊತ್ತಾಗುವುದಿಲ್ಲ. ರಸ್ತೆಯ ಪಾಲನ್ನು ತಿಳಿಯಲು ಬೇರೆಯೇ ಅಂತರರಾಷ್ಟ್ರೀಯ ವಿಧಾನಗಳಿವೆ. ಒಂದರಲ್ಲಿ, ವಾಹನಗಳು ಸಾಗುವ ಪಥದ ನಡುವಿನಿಂದ 7.5 ಮೀಟರ್ ದೂರದಲ್ಲಿ, 1.2 ಮೀಟರ್ ಎತ್ತರದಲ್ಲಿ ಮೈಕ್ ಇಟ್ಟು, ಹಾದುಹೋಗುವ ಒಂದೊಂದು ವಾಹನದ ಗರಿಷ್ಠ ಸದ್ದನ್ನೂ ವೇಗವನ್ನೂ ಜೊತೆಯಾಗಿ ಬರೆದುಕೊಳ್ಳುತ್ತಾರೆ. ಪಕ್ಕದ ವಾಹನದ ಸದ್ದು ಬೆರೆಯಬಾರದು; ಬೆಂಗಳೂರಿನಲ್ಲಿ ಅಂಥ ಹೊತ್ತು ಬೆಳಗಿನ ಜಾವವಲ್ಲದೆ ಸಿಗಲಾರದು. ಇನ್ನೊಂದರಲ್ಲಿ ಮೈಕನ್ನು ಉರುಳುವ ಟೈರಿನ ಪಕ್ಕದಲ್ಲೇ ಕಟ್ಟಿ ರಸ್ತೆಯುದ್ದಕ್ಕೂ ಓಡಿಸುತ್ತಾರೆ, ಆದ್ದರಿಂದ ದಟ್ಟಣೆಯ ತೊಡಕು ಕಡಿಮೆ. ಮೊಬೈಲ್ ಆ್ಯಪ್ ತೋರಿಸುವ ಅಂಕಿಗಳನ್ನು ಇಂಥ ಅಳತೆಗೆ ನೆಚ್ಚುವಂತಿಲ್ಲ.

ಆದ್ದರಿಂದ ಯಾವುದೇ ರಸ್ತೆಗೆ ಕಾಂಕ್ರೀಟ್ ಹಾಕುವ ಮೊದಲೊಮ್ಮೆ, ಮುಗಿದ ಮೇಲೊಮ್ಮೆ ಹೀಗೆ ಅಳೆದು, ಫಲಿತಾಂಶವನ್ನು ಪ್ರಕಟಿಸುವ ಷರತ್ತನ್ನು ಟೆಂಡರಿನಲ್ಲೇ ಸೇರಿಸಬೇಕೆಂದು ಸಂಬಂಧಪಟ್ಟವರಲ್ಲಿ ವಿನಂತಿಸುತ್ತೇನೆ. ಅಡ್ಡಗೀರಿನ ಬದಲು ವಾಹನ ಸಾಗುವ ದಿಕ್ಕಿನಲ್ಲೇ ಉದ್ದಗೀರು ಎಳೆದರೆ ಸದ್ದು ತಗ್ಗುತ್ತದೆ. ವಿದೇಶಗಳಲ್ಲಿ ಬಳಸುವ ರಂಧ್ರಯುಕ್ತ ಡಾಂಬರು ಸದ್ದನ್ನು ಹೀರುತ್ತದೆ ನಿಜ, ಆದರೆ ನಮ್ಮ ಧೂಳಿಗೆ ಅದರ ರಂಧ್ರಗಳು ಬೇಗ ಕಟ್ಟಿಕೊಳ್ಳುತ್ತವೆ. ಅದನ್ನು ಕಣ್ಣುಮುಚ್ಚಿ ತರುವಂತೆ ನಾನು ಹೇಳುತ್ತಿಲ್ಲ.

ನಮ್ಮ ಹಿಂದಿನ ಅಡ್ಡರಸ್ತೆಯಲ್ಲಿ ಮುಂದಿನ ಕಾಮಗಾರಿಗಾಗಿ ಈಗಾಗಲೇ ಸುಣ್ಣದ ಗೆರೆ ಎಳೆದಿದ್ದಾರೆ. ಅಗೆಯುವ ಮುನ್ನ ಒಂದು ರಾತ್ರಿ ಅಳತೆ ತೆಗೆದುಕೊಂಡರೂ, ನಾಳೆ ಹೋಲಿಸಿ ನೋಡಲು ಒಂದು ಅಂಕಿಯಾದರೂ ಕೈಯಲ್ಲಿರುತ್ತದೆ.

– ಓರ್ವ ನಿವಾಸಿ, ಬೆಂಗಳೂರು